ಹೊಸ ಚಕ್ರ ಹಾಕಿಸಿದ ಮೇಲೆ ಹಳದಿ ದೀಪ: ಆರಿಸುವ ಮುನ್ನ ಅರಿಯಿರಿ

ಕಾರಿಗೆ ಹೊಸ ಅಲಾಯ್ ಚಕ್ರಗಳು ಬಂದಿವೆ, ಟೈರುಗಳೂ ಹೊಸವು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ, ಹುಬ್ಬಳ್ಳಿ ಅಥವಾ ಮಂಗಳೂರಿನ ಟೈರ್ ಅಂಗಡಿಯಲ್ಲೋ ಸಾವಿರಾರು ರೂಪಾಯಿ ವೆಚ್ಚ ಮಾಡಿ ಮನೆಗೆ ಮರಳಿದ ಮಾಲೀಕರು ಮರುದಿನ ಬೆಳಿಗ್ಗೆ ಕಾರು ಚಾಲೂ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಕುದುರೆ ಲಾಳದಂತಹ ಆಕೃತಿ, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ. ಟೈರ್ ಒತ್ತಡ ನಿಗಾ ವ್ಯವಸ್ಥೆ, ಅಂದರೆ ಟಿಪಿಎಂಎಸ್ ನೀಡುವ ಎಚ್ಚರಿಕೆ ಇದು.

ಟೈರೇ ಹೊಸದಾಗಿರುವಾಗ ದೋಷವೇನಿದ್ದರೂ ದೀಪದ್ದೇ ಇರಬೇಕು ಎಂದು ಭಾವಿಸುವವರೇ ಹೆಚ್ಚು. ಅನೇಕ ಬಾರಿ ಅದು ನಿಜವೂ ಹೌದು. ಆದರೆ ನಿಜವಲ್ಲದ ಸಂದರ್ಭದಲ್ಲಿ ಅದೇ ನಂಬಿಕೆ ಹೆದ್ದಾರಿಯಲ್ಲಿ ಜೀವಕ್ಕೆ ಸಂಚಕಾರ ತರಬಲ್ಲದು.

ದೀಪದ ಹಿನ್ನೆಲೆ

ಈ ದೀಪ ಕಡ್ಡಾಯವಾದುದರ ಹಿಂದೆ ದುರಂತಗಳ ಸರಣಿಯೇ ಇದೆ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ಅಳವಡಿಸಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಕಿತ್ತುಬಂದು ಸಂಭವಿಸಿದ ಅಪಘಾತಗಳಲ್ಲಿ 200ಕ್ಕೂ ಹೆಚ್ಚು ಮಂದಿ ಮೃತಪಟ್ಟರು. 2000ದ ಆಗಸ್ಟ್‌ನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಲಾಯಿತು. ಅದೇ ವರ್ಷ ರೂಪುಗೊಂಡ ಕಾಯ್ದೆಯ ಫಲವಾಗಿ 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಎಲ್ಲ ಹೊಸ ಲಘು ವಾಹನಗಳಿಗೂ ಈ ವ್ಯವಸ್ಥೆ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಅನ್ವಯವಾಯಿತು.

ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಬಾಗುತ್ತದೆ. ಬಾಗಿದಷ್ಟೂ ಶಾಖ ಹೆಚ್ಚುತ್ತದೆ. ವೇಗ, ಭಾರ ಮತ್ತು ಕಾದ ರಸ್ತೆ ಮೂರೂ ಸೇರಿದಾಗ ಟೈರ್ ಸಿಡಿಯುವ ಸಾಧ್ಯತೆ ಬೆಳೆಯುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯಂತಹ ವೇಗದ ಮಾರ್ಗಗಳಲ್ಲಿ ಸಂಚರಿಸುವವರಿಗೆ ಇದು ದೂರದ ದೇಶದ ಕಥೆಯಲ್ಲ.

ಎರಡು ಬಗೆಯ ವ್ಯವಸ್ಥೆ

ಹೊಸ ಚಕ್ರದ ಬಳಿಕ ಬರುವ ಎಚ್ಚರಿಕೆಯ ಕಾರಣ ಹುಡುಕಲು ಕಾರಿನಲ್ಲಿರುವುದು ಯಾವ ಬಗೆಯ ವ್ಯವಸ್ಥೆ ಎಂಬುದು ಮೊದಲು ತಿಳಿಯಬೇಕು.

ಮೊದಲನೆಯದು ನೇರ ವ್ಯವಸ್ಥೆ. ಪ್ರತಿ ಚಕ್ರದ ಒಳಗೆ, ವಾಲ್ವ್‌ನ ಬುಡದಲ್ಲಿ ಒಂದು ಪುಟ್ಟ ಸಂವೇದಕ ಇರುತ್ತದೆ. ಅದು ಒತ್ತಡವನ್ನು ಅಳೆದು ರೇಡಿಯೋ ಸಂಕೇತದ ಮೂಲಕ ಕಾರಿನ ಕಂಪ್ಯೂಟರಿಗೆ ರವಾನಿಸುತ್ತದೆ. ಪ್ರತಿ ಸಂವೇದಕಕ್ಕೂ ಪ್ರತ್ಯೇಕ ಗುರುತಿನ ಸಂಖ್ಯೆಯಿದ್ದು, ಕಾರು ತನಗೆ ಪರಿಚಿತವಾದ ಸಂಖ್ಯೆಗಳನ್ನಷ್ಟೇ ಆಲಿಸುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ನಾಲ್ಕೂ ಚಕ್ರಗಳ ಒತ್ತಡ ಅಂಕಿಗಳಲ್ಲಿ ಕಾಣುತ್ತಿದ್ದರೆ ಅದು ಸಾಮಾನ್ಯವಾಗಿ ಈ ಬಗೆಯದು.

ಎರಡನೆಯದು ಪರೋಕ್ಷ ವ್ಯವಸ್ಥೆ. ಇದರಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ತುಸು ಕುಗ್ಗುವುದರಿಂದ ಅದು ಉಳಿದವಕ್ಕಿಂತ ವೇಗವಾಗಿ ತಿರುಗುತ್ತದೆ. ಎಬಿಎಸ್ ಬ್ರೇಕಿನ ವೇಗ ಸಂವೇದಕಗಳು ಈ ವ್ಯತ್ಯಾಸವನ್ನು ಗುರುತಿಸುತ್ತವೆ.

ಮೊದಲು ಅಳತೆ, ನಂತರ ಅನುಮಾನ

ಎರಡರಲ್ಲಿ ಯಾವುದೇ ಇದ್ದರೂ ಮೊದಲ ಕೆಲಸ ಗೇಜ್ ಹಿಡಿದು ಗಾಳಿ ನೋಡುವುದು. ಟೈರ್ ತಣ್ಣಗಿರುವಾಗ, ಅಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತ ಬಳಿಕ ಅಳೆಯಬೇಕು. ಇರಬೇಕಾದ ಒತ್ತಡವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಬಳಿ ಅಂಟಿಸಿದ ಪಟ್ಟಿಯಲ್ಲಿ ನಮೂದಿಸಿರುತ್ತಾರೆ. ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿಯೇ ಹೊರತು ತುಂಬಿಸಬೇಕಾದ ಪ್ರಮಾಣವಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಓಡಿಬಂದ ಕಾರಿಗೆ ಅಂಗಡಿಯಲ್ಲಿ 33 ಪಿಎಸ್‌ಐ ತುಂಬಿಸಿದರೆ, ಮರುದಿನ ಮುಂಜಾನೆಯ ಚಳಿಗೆ ಅದು ಇಳಿದಿರುತ್ತದೆ. ಸುಮಾರು 6 ಡಿಗ್ರಿ ಸೆಲ್ಸಿಯಸ್ ತಾಪ ಇಳಿದಾಗ ಒಂದು ಪಿಎಸ್‌ಐನಷ್ಟು ಒತ್ತಡ ಕುಸಿಯುತ್ತದೆ. ಬೆಳಿಗ್ಗೆ ಹೊತ್ತಿ, ತುಸು ದೂರ ಓಡಿದ ಮೇಲೆ ತಾನಾಗಿ ಆರುವ ದೀಪದ ಗುಟ್ಟು ಇದೇ. ಒಂದೇ ಚಕ್ರದಲ್ಲಿ ಮಾತ್ರ ಗಾಳಿ ಕಡಿಮೆಯಿದ್ದರೆ ವಾಲ್ವ್ ಅಥವಾ ರಿಮ್ಮಿನ ಅಂಚಿನಲ್ಲಿ ಸೋರಿಕೆಯಿದೆಯೇ ಎಂದು ಸೋಪಿನ ನೀರು ಹಚ್ಚಿ ನೋಡಬೇಕು.

ದೀಪ ಮಿನುಗುತ್ತಿದ್ದರೆ

ಗಾಳಿ ಸರಿಯಿದ್ದೂ ದೀಪ ಆರದಿದ್ದರೆ ಅದು ಹೊತ್ತುವ ರೀತಿಯನ್ನು ಗಮನಿಸಬೇಕು. ಬಹುತೇಕ ಕಾರುಗಳಲ್ಲಿ ಸ್ಥಿರವಾಗಿ ಉರಿಯುವ ದೀಪ ಕಡಿಮೆ ಒತ್ತಡವನ್ನು ಸೂಚಿಸುತ್ತದೆ. ಸುಮಾರು ಒಂದರಿಂದ ಒಂದೂವರೆ ನಿಮಿಷ ಮಿನುಗಿ ಬಳಿಕ ಸ್ಥಿರವಾದರೆ, ವ್ಯವಸ್ಥೆಯೇ ಕೆಲಸ ಮಾಡುತ್ತಿಲ್ಲ ಎಂದರ್ಥ.

ಹೊಸ ಚಕ್ರಗಳ ಸಂದರ್ಭದಲ್ಲಿ ಇದಕ್ಕೆ ಸಾಮಾನ್ಯ ಕಾರಣ ಬಹಳ ಸರಳ. ಹಳೆಯ ಸಂವೇದಕಗಳು ಹಳೆಯ ರಿಮ್ಮಿನಲ್ಲೇ ಉಳಿದು ಅಂಗಡಿಗೋ ಗುಜರಿಗೋ ಹೋಗಿರುತ್ತವೆ. ಹೊಸ ಸಂವೇದಕ ಹಾಕಿದ್ದರೂ ಅದರ ಸಂಖ್ಯೆಯನ್ನು ಕಾರಿಗೆ ಪರಿಚಯಿಸದೆ ಇರಬಹುದು. ಕೆಲವು ಕಾರುಗಳು ಕೆಲ ನಿಮಿಷ ಓಡಿಸಿದರೆ ತಾವೇ ಕಲಿಯುತ್ತವೆ. ಇನ್ನು ಕೆಲವಕ್ಕೆ ಸರ್ವಿಸ್ ಸೆಂಟರಿನ ಉಪಕರಣ ಬೇಕು. ನಿಂತ ಚಕ್ರದ ಸಂವೇದಕ ಬ್ಯಾಟರಿ ಉಳಿಸಲು ನಿದ್ರಾವಸ್ಥೆಯಲ್ಲಿರುತ್ತದೆ. ಆದ್ದರಿಂದ 15-20 ನಿಮಿಷ ಓಡಿಸುವ ಮುನ್ನ ತೀರ್ಮಾನಕ್ಕೆ ಬರಬಾರದು.

ರೇಡಿಯೋ ತರಂಗಾಂತರವೂ ಹೊಂದಬೇಕು. ಅಮೆರಿಕದಲ್ಲಿ 315 ಮೆಗಾಹರ್ಟ್ಸ್ ಸಂವೇದಕಗಳು ವ್ಯಾಪಕ. ಅಲ್ಲಿಂದ ಬಂಧುಗಳು ತಂದುಕೊಟ್ಟದ್ದು 433 ಮೆಗಾಹರ್ಟ್ಸ್‌ನಲ್ಲಿ ಆಲಿಸುವ ಕಾರಿಗೆ ಕೇಳಿಸುವುದೇ ಇಲ್ಲ. ಟೈರ್ ಕಳಚುವಾಗ ಯಂತ್ರದ ಪೆಟ್ಟು ಬಿದ್ದು ಸಂವೇದಕ ಒಡೆಯುವುದೂ ಉಂಟು. ಬ್ಯಾಟರಿ ಸಾಮಾನ್ಯವಾಗಿ 5ರಿಂದ 10 ವರ್ಷ ಬಾಳುತ್ತದೆ. ಅದನ್ನಷ್ಟೇ ಬದಲಿಸಲು ಬರುವುದಿಲ್ಲ. ಸ್ಟೆಪ್ನಿಯಲ್ಲಿ ಸಂವೇದಕವಿಲ್ಲದ ಕಾರುಗಳಲ್ಲಿ ಅದನ್ನು ಹಾಕಿಕೊಂಡಾಗಲೂ ದೀಪ ಮಿನುಗುವುದು ಸಹಜ.

ರೀಸೆಟ್ ಗುಂಡಿಯ ಅಪಾಯ

ಪರೋಕ್ಷ ವ್ಯವಸ್ಥೆಯ ಕಾರುಗಳಲ್ಲಿ ಚಕ್ರ, ಟೈರ್ ಬದಲಿಸಿದ ಪ್ರತಿ ಬಾರಿಯೂ ರೀಸೆಟ್ ಮಾಡಲೇಬೇಕು. ಎರಡೇ ಟೈರ್ ಬದಲಿಸಿದಾಗ ಹೊಸದರ ಮತ್ತು ಸವೆದದ್ದರ ಸುತ್ತಳತೆಯ ವ್ಯತ್ಯಾಸವನ್ನೇ ಕಾರು ಗಾಳಿಯ ಕೊರತೆಯೆಂದು ಭ್ರಮಿಸಬಹುದು.

ಎಡವುವುದು ಇಲ್ಲಿಯೇ. ರೀಸೆಟ್ ಒತ್ತಿದ ಕ್ಷಣದಲ್ಲಿ ಇರುವ ಒತ್ತಡವನ್ನೇ ಕಾರು ಸರಿಯಾದುದೆಂದು ಸ್ವೀಕರಿಸುತ್ತದೆ. ನಾಲ್ಕೂ ಟೈರುಗಳಲ್ಲಿ 25 ಪಿಎಸ್‌ಐ ಇರುವಾಗ ಗುಂಡಿ ಒತ್ತಿದರೆ ದೀಪ ಆರುತ್ತದೆ, ಅಪಾಯ ಉಳಿಯುತ್ತದೆ. ಹಾಗಾಗಿ ಗಾಳಿ ಸರಿಪಡಿಸುವ ಮೊದಲು ರೀಸೆಟ್ ಸಲ್ಲದು.

ಆರಿದ ದೀಪವೂ ಪೂರ್ಣ ಭರವಸೆಯಲ್ಲ. ಅಮೆರಿಕದ ನಿಯಮದಂತೆ ನಿಗದಿತ ಒತ್ತಡಕ್ಕಿಂತ ಶೇ. 25ರಷ್ಟು ಇಳಿದಾಗ ಎಚ್ಚರಿಕೆ ಬಂದರೆ ಸಾಕು. 33 ಪಿಎಸ್‌ಐ ಇರಬೇಕಾದ ಟೈರು 27ಕ್ಕೆ ಇಳಿದರೂ ಅಂತಹ ದೀಪ ಮೌನವಾಗಿರಬಹುದು.

ಚಕ್ರ ಬದಲಿಸುವ ಮುನ್ನ

ಹಳೆಯ ಸಂವೇದಕಗಳನ್ನು ಹೊಸ ರಿಮ್ಮಿಗೆ ವರ್ಗಾಯಿಸಲು ಅಂಗಡಿಯವರಿಗೆ ಮೊದಲೇ ಹೇಳಬೇಕು. ಹೊಸ ರಿಮ್ಮಿನಲ್ಲಿ ಅವು ಕೂರುತ್ತವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ವಾಲ್ವ್‌ನ ರಬ್ಬರ್ ಸೀಲ್‌ಗಳನ್ನು ಹೊಸದಾಗಿ ಹಾಕಿಸುವುದು ಲೇಸು. ಟೈರಿನ ಅಳತೆ ಬದಲಾಗಿದ್ದರೆ ಭಾರ ಹೊರುವ ಸಾಮರ್ಥ್ಯ ಮೂಲ ಟೈರಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕು.

ಟ್ಯೂಬ್‌ಲೆಸ್ ಟೈರು, ಪಂಕ್ಚರ್ ದುರಸ್ತಿ ಕಿಟ್ ಮತ್ತು ಟಿಪಿಎಂಎಸ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ನಿಯಮ ತಿದ್ದುಪಡಿ ಮಾಡಿತು. ಅಂದರೆ ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಆ ಕೊರತೆಯನ್ನು ತುಂಬುವ ಹೊಣೆ ಭಾಗಶಃ ಈ ಪುಟ್ಟ ದೀಪದ ಮೇಲಿದೆ. ಅಲಂಕಾರಕ್ಕೆಂದು ಹಾಕಿಸಿದ ಚಕ್ರ ಆ ದೀಪವನ್ನೇ ಕುರುಡಾಗಿಸಿದರೆ, ನಡುರಾತ್ರಿ ಹೆದ್ದಾರಿಯಲ್ಲಿ ಸಿಲುಕಿದವರಿಗೆ ಎಚ್ಚರಿಕೆಯೂ ಇಲ್ಲ, ಬದಲಿ ಚಕ್ರವೂ ಇಲ್ಲ.