ಕತ್ತಲೆಯೇ ಇಲ್ಲದ ನಡುರಾತ್ರಿ

ಒಂದೇ ಒಂದು ಕುದುರೆಯಿಲ್ಲ! ಇಂಗ್ಲೆಂಡಿನ ದಂಡು ಕಡಲು ದಾಟುತ್ತದೆ, ಕೋಟೆಗೆ ಲಗ್ಗೆ ಹಾಕುತ್ತದೆ, 1415ರ ಅಜಿನ್‌ಕೋರ್ಟ್ ಕಾಳಗದಲ್ಲಿ ಫ್ರಾನ್ಸನ್ನು ಮಣಿಸುತ್ತದೆ. ಇಷ್ಟಕ್ಕೆಲ್ಲ ಇರುವುದು ಮರದ ರಂಗಸ್ಥಳ, ಎರಡು ಕಂಬ, ಒಂದಿಷ್ಟು ನಟರು. ಲಂಡನ್ನಿನ ಗ್ಲೋಬ್ ರಂಗಮಂದಿರ 2012ರಲ್ಲಿ ಆಡಿ, ಆಡಿದ ಹಾಗೆಯೇ ಚಿತ್ರೀಕರಿಸಿದ ಶೇಕ್ಸ್‌ಪಿಯರನ ‘ಐದನೇ ಹೆನ್ರಿ’ ಇದು. ನಮ್ಮೂರು ಪೆರ್ಲದಲ್ಲಿ ಕೂತು ನೋಡುತ್ತಿದ್ದರೆ ಮೈ ಜುಮ್ಮೆನ್ನುತ್ತದೆ: ಅರೆ, ಇದು ನಮ್ಮದೇ ಯಕ್ಷಗಾನದ ಆಟವಲ್ಲವೇ!

ಕತೆ ನಡೆಸುವ ಕೋರಸ್ ಪಾತ್ರದಲ್ಲಿ ಬ್ರಿಡ್ ಬ್ರೆನನ್ ಬರುತ್ತಾಳೆ. ಈ ಪುಟ್ಟ ಜಾಗದಲ್ಲಿ ಎರಡು ರಾಜ್ಯ ಹಿಡಿಸಲಾರವು, ಉಳಿದದ್ದನ್ನು ನೀವೇ ಕಂಡುಕೊಳ್ಳಿ ಎಂದು ನೆರೆದವರನ್ನು ಕೇಳಿಕೊಳ್ಳುತ್ತಾಳೆ. ಭಾಗವತರ ಒಂದು ಪದಕ್ಕೆ ಅಕ್ಷೌಹಿಣಿಗಳನ್ನೇ ಕಂಡವರು ನಾವು, ನಮಗಿದು ಕಷ್ಟವೇ?

ಆದರೆ ನನ್ನ ಉಸಿರು ಹಿಡಿದದ್ದು ಯುದ್ಧದ ಹಿಂದಿನ ರಾತ್ರಿ. ಗ್ಲೋಬಿನಲ್ಲಿ ರಂಗಕ್ಕೆಷ್ಟು ಬೆಳಕೋ ನೋಡುವವರಿಗೂ ಅಷ್ಟೇ ಬೆಳಕು. ಆ ಬೆಳಕಿನಲ್ಲೇ ನಡುರಾತ್ರಿ! ಹೆನ್ರಿಯಾದ ಜೇಮಿ ಪಾರ್ಕರ್ ಬೇರೆಯವರ ಮೇಲಂಗಿ ಹೊದ್ದು, ಗುರುತು ಮರೆಸಿಕೊಂಡು ಸಿಪಾಯಿಗಳ ನಡುವೆ ಕೂರುತ್ತಾನೆ. ಎದುರಿಗಿರುವುದು ದೊರೆಯೆಂದು ತಿಳಿಯದ ವಿಲಿಯಮ್ಸ್ ಎಂಬ ಸಾಮಾನ್ಯ ಸಿಪಾಯಿ ಹಾಕುವ ಪ್ರಶ್ನೆ ನೋಡಿ: ಯುದ್ಧದ ಕಾರಣವೇ ನ್ಯಾಯವಲ್ಲದಿದ್ದರೆ, ಕಡಿದುಬಿದ್ದ ಕೈಕಾಲು, ತಲೆಗಳೆಲ್ಲ ಕೊನೆಯ ದಿನ ಒಂದಾಗಿ ಬಂದು ದೊರೆಯನ್ನು ಕೇಳವೇ? ಹೆನ್ರಿ ವಾದಿಸುತ್ತಾನೆ, ಸಿಪಾಯಿಯೂ ಬಿಡುವುದಿಲ್ಲ. ಮಾತಿಗೆ ಮಾತು ಕೊಡುವ ಅಪ್ಪಟ ತಾಳಮದ್ದಳೆ! ಪಕ್ಕದ ಶೇಣಿಯ ಹೆಸರನ್ನು ನಾಡಿಗೆಲ್ಲ ಕೇಳಿಸಿದ ಅರ್ಥಧಾರಿ ಗೋಪಾಲಕೃಷ್ಣ ಭಟ್ಟರಿಗೆ ಈ ಸಂದರ್ಭ ಸಿಕ್ಕಿದ್ದರೆ ಎರಡು ಗಂಟೆ ಅರ್ಥ ಹೇಳುತ್ತಿದ್ದರು. ರಾವಣನಿಗೂ ಕೌರವನಿಗೂ ನ್ಯಾಯದ ಮಾತು ಕೊಟ್ಟ ನಾಲಗೆಯದು.

ಕ್ಯಾಮೆರಾ ಆಗಾಗ ಅಂಗಳದತ್ತ ಹೊರಳುತ್ತದೆ. ಅಲ್ಲಿ ಏಳುನೂರು ಜನ ನಿಂತೇ ನೋಡುವಷ್ಟು ಜಾಗ. ಮೊಣಕೈಯನ್ನು ರಂಗಕ್ಕೇ ಊರಿದವರೂ ಉಂಟು. ತಮಾಷೆಗೆ ಅರಳುವ, ವಾದಕ್ಕೆ ಬಿಗಿಯುವ ಆ ಮುಖಗಳೂ ನಾಟಕದ ಪಾತ್ರಗಳೇ. ಕೊನೆಗೆ ಸತ್ತವರು, ಗೆದ್ದವರು, ಸೋತವರೆಲ್ಲ ಸೇರಿ ಕುಣಿಯುತ್ತಾರೆ. ಗ್ಲೋಬಿನ ವಾಡಿಕೆಯಂತೆ!

ಶೇಣಿಯವರ ಸ್ವರ ಧ್ವನಿಸುರುಳಿಗಳಲ್ಲಿ ಉಳಿದಿದೆ, ಪುಣ್ಯ. ಆ ಅರ್ಥ ಕೇಳುತ್ತ ಚಾಪೆಯ ಮೇಲೆ ಕೂತಿದ್ದವರ ಮುಖಗಳೂ ಬೇಕಿತ್ತು. ಇಂದಿನ ತಾಳಮದ್ದಳೆ ಕೂಟಗಳನ್ನು ಚಿತ್ರೀಕರಿಸುವವರೇ, ದಯಮಾಡಿ ಒಂದು ಕ್ಯಾಮೆರಾವನ್ನು ಸಭೆಯ ಕಡೆಗೂ ತಿರುಗಿಸಿ.