ಕಾವಳವನ್ನು ಬಾಚುವ ಮರ

ಮಾಂಟೆರೇ ಪೈನ್ ಮರದ ಬುಡದಲ್ಲಿ ಉದುರಿ ಬಿದ್ದಿರುವ ಸೂಜಿಯೆಲೆಗಳ ಒಂದು ಕಿರುಕಟ್ಟನ್ನು ಎತ್ತಿ ಅಂಗೈಯಲ್ಲಿರಿಸಿಕೊಂಡು ನೋಡಿದರೆ, ಅರ್ಧ ಗೇಣಿನಷ್ಟೋ ಅದಕ್ಕಿಂತ ತುಸು ಹೆಚ್ಚೋ ಉದ್ದವಿರುವ ಮೂರು ಎಲೆಗಳು ಒಂದೇ ಕಂದುಬಣ್ಣದ ಒರೆಯಿಂದ ಹೊರಟಿರುವುದು ಕಾಣುತ್ತದೆ. ಅವುಗಳಲ್ಲೊಂದನ್ನು ಅಡ್ಡಲಾಗಿ ಕೊಯ್ದು ಭೂತಗನ್ನಡಿಯ ಕೆಳಗೆ ಹಿಡಿದಾಗ, ದುಂಡಗಿರುವುದೆಂದು ನಾವು ಭಾವಿಸಿದ್ದ ಎಲೆಯು, ವೃತ್ತವೊಂದನ್ನು ಮೂರು ಸಮಪಾಲು ಮಾಡಿದರೆ ದೊರೆಯುವ ಹೋಳಿನಂತೆ, ಹೊರಮೈಯಲ್ಲಿ ಬಾಗಿ ಒಳಮೈಯಲ್ಲಿ ಎರಡು ಚಪ್ಪಟೆ ಮುಖಗಳನ್ನು ಹೊಂದಿರುವುದು ತಿಳಿಯುತ್ತದೆ. ಮೂರನ್ನೂ ಮೊದಲಿದ್ದಂತೆ ಕೂಡಿಸಿದರೆ ಮತ್ತೆ ಒಂದೇ ಕಡ್ಡಿ. ಮೊಗ್ಗಿನೊಳಗೆ ಒಂದು ಕೂದಲೆಳೆಯಷ್ಟು ಸ್ಥಳವನ್ನೂ ವ್ಯರ್ಥಗೊಳಿಸದೆ ಅವು ಮಲಗಿದ್ದ ಬಗೆಯನ್ನು ಆ ಕೊಯ್ಲೇ ಹೇಳುತ್ತದೆ.

ನಮ್ಮ ಕಾರವಾರ, ಮಲ್ಪೆಗಳ ಮರಳದಿಬ್ಬದ ಮೇಲೆ ಹಗಲಿರುಳು ಸುಯ್ಗುಡುವ ಗಾಳಿಮರವನ್ನು ನೋಡಿ ಬೆಳೆದವರು ಇದನ್ನೂ ಅದರ ಬಂಧುವೆಂದು ತಿಳಿಯುವುದು ಸಹಜ. ಆದರೆ ಗಾಳಿಮರದ ಹಸುರು ಕಡ್ಡಿಗಳು ಎಲೆಗಳೇ ಅಲ್ಲ, ಎಳೆಯ ರೆಂಬೆಗಳು. ಅವುಗಳ ಗಿಣ್ಣುಗಳಲ್ಲಿ ಹಲ್ಲಿನಂತೆ ಕಾಣುವ ಸಣ್ಣ ಪೊರೆಗಳೇ ಅದರ ನಿಜವಾದ ಎಲೆಗಳು. ಅದು ಹೂಬಿಡುವ ಮರ. ಪೈನ್ ಆದರೋ ಹೂವೆಂಬುದು ಭೂಮಿಯ ಮೇಲೆ ಹುಟ್ಟುವ ಮೊದಲೇ ಬಾಳಿದ ಅನಾವೃತಬೀಜಿಗಳ ಕುಲಕ್ಕೆ ಸೇರಿದುದು. ಅದರ ಬೀಜಗಳು ಹಣ್ಣಿನೊಳಗಲ್ಲದೆ ಶಂಕುಗಳ ಮರದಂಥ ಹಲಗೆಗಳ ಮೇಲೆ ಬರಿದಾಗಿ ಕುಳಿತಿರುತ್ತವೆ.

ಈ ಮರದ ತವರು ಅತಿ ಚಿಕ್ಕದು. ಕ್ಯಾಲಿಫೋರ್ನಿಯಾದ ಕಡಲಂಚಿನಲ್ಲಿ ಆನ್ಯೋ ನ್ಯೂಯೆವೋ, ಮಾಂಟೆರೇ, ಕೇಂಬ್ರಿಯಾ ಎಂಬ ಮೂರು ತಾವುಗಳು, ಮೆಕ್ಸಿಕೋ ದೇಶಕ್ಕೆ ಸೇರಿದ ಗ್ವಾಡಲೂಪೆ ಮತ್ತು ಸೆಡ್ರೋಸ್ ಎಂಬ ಎರಡು ದ್ವೀಪಗಳು: ಇವಿಷ್ಟನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇದು ತಾನಾಗಿ ಬೆಳೆದುದಿಲ್ಲ. ದ್ವೀಪಗಳ ಮರಗಳಲ್ಲಿ ಎಲೆಗಳು ಸಾಮಾನ್ಯವಾಗಿ ಎರಡೆರಡಾಗಿರುತ್ತವೆ. ಅಲ್ಲಿ ಎಲೆಯನ್ನು ಕೊಯ್ದರೆ ಕಾಣುವುದು ಅರ್ಧವೃತ್ತ.

ಆ ಕರಾವಳಿಯ ಋತುಕ್ರಮವು ನಮ್ಮದಕ್ಕೆ ತೀರ ವಿಪರೀತವಾದುದು. ಮಳೆಯೆಲ್ಲ ಚಳಿಗಾಲದಲ್ಲಿಯೇ ಸುರಿದುಹೋಗಿ, ಬೇಸಗೆಯ ತಿಂಗಳುಗಳು ಹನಿಯಿಲ್ಲದೆ ಕಳೆಯುತ್ತವೆ. ಆದರೆ ಅದೇ ಬೇಸಗೆಯಲ್ಲಿ, ದಡದ ಬಳಿ ಸಮುದ್ರದಾಳದಿಂದ ಮೇಲೇಳುವ ತಣ್ಣೀರಿನ ಮೇಲೆ ಹಾದುಬರುವ ತೇವದ ಗಾಳಿಯು ತಂಪುಗೊಂಡು, ದಟ್ಟವಾದ ಕಾವಳವಾಗಿ ನೆಲದ ಮೇಲೆ ತೆವಳುತ್ತದೆ. ಕಾವಳದ ಹನಿಗಳು ತಾವಾಗಿ ಬೀಳಲಾರದಷ್ಟು ಸಣ್ಣವು. ಬಯಲಿನ ಮೇಲೆ ಅವು ಹಾಗೆಯೇ ತೇಲಿಹೋಗುತ್ತವೆ. ಪೈನಿನ ಲಕ್ಷಾಂತರ ಸೂಜಿಗಳು ಮಾತ್ರ ಅದನ್ನು ಹಣಿಗೆಯಂತೆ ಬಾಚುತ್ತವೆ. ಸೂಜಿಯ ಮೈಗೆ ತಗುಲಿದ ಹನಿ ಇನ್ನೊಂದನ್ನು ಕೂಡಿ, ಕೂಡಿದ್ದು ತುದಿಗೆ ಜಾರಿ, ಅಲ್ಲಿ ಕ್ಷಣಕಾಲ ತೂಗಾಡಿ ನೆಲಕ್ಕೆ ಬೀಳುತ್ತದೆ. ಮರದಾಚೆಯ ಹುಲ್ಲು ಒಣಗಿ ಹಳದಿಯಾಗಿರುವಾಗ ಮರದಡಿಯ ಮಣ್ಣು ಒದ್ದೆಯಾಗಿರುತ್ತದೆ. ಮಳೆಯಿಲ್ಲದ ಬೇಸಗೆಯಲ್ಲಿ ಮರವು ತನ್ನ ಬೇರಿಗೆ ತಾನೇ ನೀರೆರೆದುಕೊಳ್ಳುವ ಈ ಕ್ರಮಕ್ಕಿಂತ ಸುಂದರವಾದುದನ್ನು ಸಸ್ಯಲೋಕದಲ್ಲಿ ನಾನು ಹೆಚ್ಚು ಕಂಡರಿಯೆ.

ಇದರ ಶಂಕುಗಳ ವೃತ್ತಾಂತವು ಇನ್ನೂ ವಿಶೇಷವಾದುದು. ರೆಂಬೆಯನ್ನು ಸುತ್ತುವರಿದು ಗುಂಪುಗುಂಪಾಗಿ, ಹಿಂದಕ್ಕೆ ಬಾಗಿ ಕುಳಿತಿರುವ ಇವುಗಳ ಹೊರಮಗ್ಗುಲ ಹಲಗೆಗಳು ಗುಬುಟುಗಳಂತೆ ಉಬ್ಬಿ, ಒಳಮಗ್ಗುಲವು ಚಪ್ಪಟೆಯಾಗಿ, ಒಟ್ಟಿನಲ್ಲಿ ಶಂಕು ಓರೆಯಾಗಿ ಕಾಣುತ್ತದೆ. ಗಾಳಿ ತಂದ ಪರಾಗವು ಎಳೆಯ ಶಂಕುವನ್ನು ಸೇರಿದ ಮೇಲೆ ಗರ್ಭಾಂಕುರಕ್ಕೆ ಒಂದು ವರ್ಷದಷ್ಟು ಕಾಲ ಹಿಡಿಯುತ್ತದೆ. ಬೀಜ ಬಲಿತ ಮೇಲೂ ಶಂಕು ಬಾಯ್ದೆರೆಯುವುದಿಲ್ಲ. ಹಲಗೆಗಳ ಸಂದುಗಳನ್ನು ರಾಳವು ಅರಗಿನ ಮುದ್ರೆಯೊತ್ತಿದಂತೆ ಮುಚ್ಚಿರುತ್ತದೆ. ಹೀಗೆ ವರ್ಷಗಟ್ಟಲೆ, ಜೀವಂತ ಬೀಜಗಳನ್ನು ಒಡಲಲ್ಲಿಟ್ಟುಕೊಂಡು, ಅವು ರೆಂಬೆಯಲ್ಲಿಯೇ ಕಾಯುತ್ತವೆ. ಕಾಯುವುದು ಬೆಂಕಿಗಾಗಿ. ಕಾಳ್ಗಿಚ್ಚು ಹಾಯ್ದಾಗ ತಾಯಿಮರವು ಬೆಂದುಹೋಗಬಹುದು. ಆದರೆ ಆ ಕಾವಿಗೆ ರಾಳ ಕರಗಿ, ಹಲಗೆಗಳು ಬಿಚ್ಚಿಕೊಂಡು, ರೆಕ್ಕೆಯುಳ್ಳ ಬೀಜಗಳು ಆಗತಾನೆ ತಣಿದ ಬೂದಿಯ ಮೇಲೆ ಉದುರುತ್ತವೆ. ಮೊಳಕೆಯು ಚೆನ್ನಾಗಿ ಬೆಳೆಯಲು ಬೇಕಾದುದು ತೆರವಾದ ನೆಲ, ತಡೆಯಿಲ್ಲದ ಬಿಸಿಲು. ಬೆಂಕಿಯು ಎರಡನ್ನೂ ಕೊಟ್ಟಿರುತ್ತದೆ. ಕಡುಬಿಸಿಲಿನ ದಿನಗಳಲ್ಲಿ ಬೆಂಕಿಯಿಲ್ಲದೆಯೂ ಕೆಲವು ಶಂಕುಗಳು ಚಟಚಟನೆ ಸದ್ದುಮಾಡುತ್ತ ಬಿರಿಯುವುದುಂಟು. ನೂರು ವರ್ಷವನ್ನು ದಾಟುವ ಮರಗಳು ಇಲ್ಲಿ ವಿರಳವಾದುದರಿಂದ, ಒಂದು ತಲೆಮಾರು ಅಳಿಯುವುದರೊಳಗಾಗಿ ಬೆಂಕಿಯೊಮ್ಮೆ ಬಂದುಹೋಗುವುದು ವನಕ್ಕೆ ಅಪಾಯವೆನ್ನುವುದಕ್ಕಿಂತ ಅಗತ್ಯವೆನ್ನುವುದೇ ಸರಿ.

ಹಿಮಾಲಯದ ಪೈನನ್ನು ನಮ್ಮ ಪೂರ್ವಕವಿಗಳು 'ಸರಲ'ವೆಂದು ಕರೆದರು. ನೆಟ್ಟಗಿರುವುದೆಂಬುದೇ ಅದರ ಅರ್ಥ. ಮಾಂಟೆರೇ ಪೈನಿಗೆ ತವರಿನಲ್ಲಿ ಈ ಹೆಸರು ಒಪ್ಪುವುದಿಲ್ಲ. ಅಲ್ಲಿ ಅದು ಸಾಮಾನ್ಯವಾಗಿ ಡೊಂಕಾದ, ಕವಲೊಡೆದ, ಮರದ ವ್ಯಾಪಾರಿಯು ಕಣ್ಣೆತ್ತಿ ನೋಡದಂಥ ಮರ. ಆದರೆ ಹತ್ತೊಂಬತ್ತನೆಯ ಶತಮಾನದ ನಡುವೆ ಇದರ ಬೀಜಗಳು ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳನ್ನು ಸೇರಿ, ಅಲ್ಲಿಯ ಹದವಾದ ಮಳೆಯಲ್ಲಿ ಬೇರೂರಿದವು. ಮುಂದೆ ಮನುಷ್ಯನು ನೆಟ್ಟಗಿನ ಮರಗಳನ್ನೇ ಆಯ್ದು ಆಯ್ದು ಬೆಳೆಸಿದುದರಿಂದ ಅದು ನಿಜವಾಗಿಯೂ ಸರಳವೃಕ್ಷವಾಯಿತು. ನ್ಯೂಜಿಲೆಂಡಿನಲ್ಲಿ ಸುಮಾರು 25-30 ವರ್ಷಗಳಿಗೆಲ್ಲ ಅದು ಕೊಯ್ಲಿಗೆ ಬರುತ್ತದೆ. ಇಂದು ಚಿಲಿ, ಸ್ಪೇನ್, ದಕ್ಷಿಣ ಆಫ್ರಿಕಾಗಳನ್ನೂ ಕೂಡಿಸಿ ಇದರ ನೆಡುತೋಪುಗಳು 40 ಲಕ್ಷ ಹೆಕ್ಟೇರುಗಳನ್ನು ಮೀರಿ ಹಬ್ಬಿವೆ; ತವರಿನ ಕಾಡಾದರೋ ಕೆಲವೇ ಸಾವಿರ ಹೆಕ್ಟೇರು.

ಆ ಕೆಲವು ಸಾವಿರಕ್ಕೂ ಕುತ್ತು ಬಂದಿದೆ. ಮನೆಗಳೂ ಆಟದ ಬಯಲುಗಳೂ ವನವನ್ನು ತುಂಡರಿಸಿವೆ. ಬೆಂಕಿಯನ್ನು ಕಂಡಕೂಡಲೇ ಆರಿಸುವ ಪದ್ಧತಿಯಿಂದ ಹೊಸ ತಲೆಮಾರು ಏಳುವುದು ಕುಂಠಿತವಾಗಿದೆ. 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಬಾರಿ ಕಾಣಿಸಿಕೊಂಡ ಶಿಲೀಂಧ್ರರೋಗವೊಂದು, ತೊಗಟೆ ಕೊರೆಯುವ ಹುಳುಗಳ ಬೆನ್ನೇರಿ ಹಬ್ಬುತ್ತ, ರೆಂಬೆಗಳಿಂದ ರಾಳವನ್ನು ಕಣ್ಣೀರಿನಂತೆ ಸುರಿಸಿ ತುದಿಗಳನ್ನು ಒಣಗಿಸುತ್ತದೆ. ಒಂದೇ ಬಗೆಯ ಆಯ್ದ ಬೀಜದಿಂದ ಬೆಳೆದ ತೋಪುಗಳಿಗೆ ಇಂಥ ರೋಗವನ್ನು ತಡೆಯುವ ಗುಣ ಬೇಕಾದರೆ, ಅದನ್ನು ಹುಡುಕಬೇಕಾದ ಮೂಲ ಭಂಡಾರವು ಈ ಡೊಂಕುಮರಗಳೇ. 1978ರಲ್ಲಿ ವಿಜ್ಞಾನಿಗಳು ಐದೂ ನೆಲೆಗಳಿಗೆ ಹೋಗಿ ಬೀಜ ಕೂಡಿಟ್ಟುದರ ಉದ್ದೇಶವೂ ಆ ವೈವಿಧ್ಯವನ್ನು ಉಳಿಸಿಕೊಳ್ಳುವುದೇ ಆಗಿತ್ತು.

ಗ್ವಾಡಲೂಪೆ ದ್ವೀಪದ ಸ್ಥಿತಿಯು ಎಲ್ಲಕ್ಕಿಂತ ದಾರುಣವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ನಾವಿಕರು ಮಾಂಸಕ್ಕೆಂದು ಅಲ್ಲಿ ಬಿಟ್ಟ ಆಡುಗಳು ಸಾವಿರಾರಾಗಿ ಹೆಚ್ಚಿ, ನೆಲದಿಂದೆದ್ದ ಪ್ರತಿ ಮೊಳಕೆಯನ್ನೂ ಮೇಯ್ದುಬಿಟ್ಟುವು. 2001ರ ಹೊತ್ತಿಗೆ ಉತ್ತರದ ಏಣಿನ ಮೇಲೆ ಉಳಿದಿದ್ದುವು ಇನ್ನೂರಕ್ಕೆ ಕೊಂಚ ಮಿಕ್ಕ ಮುದಿಮರಗಳು. ಅವುಗಳ ಕೆಳಗೆ ಒಂದು ಸಸಿಯೂ ಇಲ್ಲ. ಆಗ ಬೇಲಿ ಹಾಕಿದರು; ಆ ದಶಕ ಮುಗಿಯುವುದರೊಳಗಾಗಿ ಆಡುಗಳನ್ನೆಲ್ಲ ದ್ವೀಪದಿಂದ ತೆಗೆದರು. ಬೇಲಿಯೊಳಗೆ ಸಸಿಗಳು ಹುಟ್ಟಿದವು, ನೂರಾರಾಗಿ. ಮುದಿಮರಗಳ ಸೂಜಿಗಳು ಕಾವಳದಿಂದ ಬಾಚಿ ಕೆಳಗಿಳಿಸುವ ಹನಿಗಳು ಈಗ ಅವುಗಳ ತಲೆಯ ಮೇಲೆ ಬೀಳುತ್ತಿವೆ.