ಇದು ಯಾವ ಮೇಳ?

ನಿಮ್ಮ ಮನೆಗೂ ಊರಿಂದ ಅಜ್ಜ ಅಜ್ಜಿ ಬಂದಿರುತ್ತಾರೆ, ಇಲ್ಲವೇ ಬರುವವರಿರುತ್ತಾರೆ. ಬಂದವರಿಗೆ ಏನು ತೋರಿಸುತ್ತೀರಿ? ನಮ್ಮೆಲ್ಲರ ಮನೆಯಲ್ಲೂ ಒಂದು ಸಿದ್ಧ ಪಟ್ಟಿ ಇರುತ್ತದೆ. ಒಪೇರಾ ಹೌಸ್, ಹಾರ್ಬರ್ ಬ್ರಿಜ್, ಬ್ಲೂ ಮೌಂಟನ್ಸ್‌ನಲ್ಲಿ ತ್ರೀ ಸಿಸ್ಟರ್ಸ್ ಬಂಡೆ, ಹೆಲೆನ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನ, ಕಾಂಗರೂ ಪಕ್ಕದಲ್ಲಿ ಒಂದು ಫೋಟೊ. ಕಳೆದ ಜುಲೈ ರಜೆಯಲ್ಲಿ ನಮ್ಮ ಅಜ್ಜ ಅಜ್ಜಿ ಕುಂದಾಪುರದಿಂದ ಸಿಡ್ನಿಗೆ ಬಂದಾಗ ಈ ಪಟ್ಟಿ ಐದೇ ದಿನದಲ್ಲಿ ಮುಗಿದುಹೋಯಿತು. ಆರನೆಯ ದಿನ ಬೆಳಿಗ್ಗೆ ಅಜ್ಜ ಕಾಫಿ ಕುಡಿಯುತ್ತಾ ಕೇಳಿದರು: "ಎಲ್ಲ ನೋಡಿ ಆಯ್ತು. ಈ ಊರಿನ ಮೂಲದವರ ಆಟ ಎಲ್ಲಿ ನೋಡುವುದು?"

ನಮ್ಮ ಅಜ್ಜನಿಗೆ ಆಟ ಎಂದರೆ ಯಕ್ಷಗಾನ. ಜಗತ್ತಿನ ಎಲ್ಲ ಕುಣಿತವನ್ನೂ ಅವರು ಯಕ್ಷಗಾನದ ಅಳತೆಗೋಲಿನಿಂದಲೇ ಅಳೆಯುತ್ತಾರೆ. ಎಲ್ಲೋ ದೂರದಲ್ಲಿ ಚೆಂಡೆ ಕೇಳಿದರೆ ಸಾಕು, ಅದು ಬಡಗುತಿಟ್ಟೋ ತೆಂಕುತಿಟ್ಟೋ ಎಂದು ಹೇಳಬಲ್ಲರು. ಯಾರಾದರೂ ದೇವಿಗೆ ಹರಕೆ ಹೊತ್ತು ಆಡಿಸುವ ಬಯಲಾಟ ಬೇರೆ, ಟಿಕೆಟ್ ಇಟ್ಟು ಆಡುವ ಟೆಂಟಿನ ಆಟ ಬೇರೆ ಎಂಬ ಲೆಕ್ಕವೂ ಅವರಲ್ಲಿದೆ. ಟಿಕೆಟ್ ಇಟ್ಟರೆ ತಪ್ಪು ಎಂದು ಅವರು ಯಾವತ್ತೂ ಹೇಳಿದ್ದಿಲ್ಲ. ಆದರೆ ಯಾವ ಆಟಕ್ಕೆ ಕರೆದರೂ ಅವರ ಮೊದಲ ಪ್ರಶ್ನೆ ಒಂದೇ: "ಇದು ಯಾವ ಮೇಳ?"

ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು. ಹದಿನಾರು ವರ್ಷದವರಿಗೆ ಫೋನ್ ಕೊಟ್ಟರೆ ಎಲ್ಲ ಸಿಗುತ್ತದೆ ಎಂದು ದೊಡ್ಡವರು ನಂಬಿದ್ದಾರೆ. ಸಿಕ್ಕಿದ್ದು ನಿಜ, ಆದರೆ ಎಲ್ಲ ಫೋಟೊಗಳೂ ಒಂದೇ ಥರ ಇದ್ದವು. ಮೈಗೆ ಬಿಳಿ ಬಣ್ಣ, ಕೈಯಲ್ಲಿ ಡಿಜರಿಡೂ, ಹಿಂದೆ ಸೂರ್ಯಾಸ್ತ, ಕೆಳಗೆ ದರ. ಯಾವ ಮೇಳ ಎಂದು ಹೇಗೆ ತಿಳಿಯುವುದು? ಮೆಲ್ಬರ್ನ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಫೋನ್ ಮಾಡಿದೆ. ಅವರು ಏಪ್ರಿಲ್‌ನಲ್ಲಿ ಹವಾಯಿಗೆ ಹೋಗಿ ಬಂದಿದ್ದರು, ಅಲ್ಲಿ ಇದೇ ಕಷ್ಟ ಅವಳದೂ ಆಗಿತ್ತು.

ಹವಾಯಿಗೆ ಹೋದವರೆಲ್ಲ ಲೂಆವು ಎಂಬ ಸಂಜೆಯ ಊಟ ಮತ್ತು ಕುಣಿತಕ್ಕೆ ಹೋಗುತ್ತಾರೆ. ಮಣ್ಣಿನ ಗುಂಡಿಯ ಒಲೆಯಲ್ಲಿ ಇಡೀ ಹಂದಿಯನ್ನು ಬೇಯಿಸಿ ಎಲ್ಲರೆದುರು ಹೊರತೆಗೆಯುವುದು ಅದರ ಮುಖ್ಯ ಭಾಗ. ಸಸ್ಯಾಹಾರಿಯಾದ ನಮ್ಮ ಚಿಕ್ಕಮ್ಮ ಆ ಹೊತ್ತಿಗೆ ಸರಿಯಾಗಿ ಸಮುದ್ರದ ಕಡೆ ತಿರುಗಿ ನಿಂತಿದ್ದರಂತೆ. ಕೊನೆಯಲ್ಲಿ ಬೆಂಕಿ ಹಚ್ಚಿದ ಕತ್ತಿ ತಿರುಗಿಸುವ ಕುಣಿತ ಇತ್ತು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ ಓದಿದರೆ ಆ ಬೆಂಕಿಕತ್ತಿ ಹವಾಯಿಯದೇ ಅಲ್ಲ, ಸಮೋವಾದ್ದು! ಸೊಂಟ ವೇಗವಾಗಿ ಅಲುಗಿಸುವ ಕುಣಿತ ತಾಹಿತಿಯದು, ಹಾಕಾ ನ್ಯೂಜಿಲ್ಯಾಂಡಿನ ಮಾವೋರಿಗಳದು. ಹವಾಯಿಯ ಸ್ವಂತದ್ದು ಹುಲಾ. 1830ರ ಸುಮಾರಿಗೆ ಅದನ್ನು ಬಹಿರಂಗವಾಗಿ ಕುಣಿಯಬಾರದೆಂದು ತಡೆದಿದ್ದರು. ಅರ್ಧ ಶತಮಾನದ ನಂತರ ಕಾಲಾಕಾವಾ ಎಂಬ ದೊರೆ ಅದನ್ನು ಮತ್ತೆ ಅರಮನೆಯ ಅಂಗಳಕ್ಕೆ ಕರೆತಂದ. ನನ್ನ ತಂಗಿ ನೋಡಿದ ಎರಡು ಗಂಟೆಯಲ್ಲಿ ಹುಲಾಕ್ಕೆ ಸಿಕ್ಕಿದ್ದು ಹದಿನೈದು ನಿಮಿಷ.

ಈ ಕತೆಯಲ್ಲಿ ಅಜ್ಜಿಗೆ ಇಷ್ಟವಾಗಿದ್ದು ಬೇರೆಯೇ ಸಂಗತಿ. ಲೂಆವು ಎಂಬ ಪದದ ಅರ್ಥ ಕೆಸುವಿನ ಎಳೆ ಎಲೆ! ನಾವು ಪತ್ರೊಡೆ ಮಾಡುವ ಅದೇ ಕೆಸು. ಅಲ್ಲಿ ಆ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸುತ್ತಾರೆ, ಆ ಅಡುಗೆಯಿಂದಲೇ ಔತಣಕ್ಕೆ ಆ ಹೆಸರು ಬಂತು. "ಹಾಗಾದರೆ ನಮ್ಮನೆಯಲ್ಲಿ ಪ್ರತಿ ಮಳೆಗಾಲ ಲೂಆವು" ಎಂದರು ಅಜ್ಜಿ. ಹವಾಯಿಯಲ್ಲಿ ಹಿಂದೆ ಗಂಡಸರು ಮತ್ತು ಹೆಂಗಸರು ಒಟ್ಟಿಗೆ ಕೂತು ಉಣ್ಣುವಂತಿರಲಿಲ್ಲ, 1819ರಲ್ಲಿ ಎರಡನೆಯ ಕಾಮೆಹಮೆಹಾ ದೊರೆ ರಾಣಿಯರ ಜೊತೆ ಕೂತು ಊಟ ಮಾಡಿ ಆ ಕಟ್ಟಳೆ ಮುರಿದ ಎಂದೂ ಹೇಳಿದೆ. ಅಜ್ಜಿ ಅಜ್ಜನ ಕಡೆ ನೋಡಿದರು. ಅಜ್ಜ ಪೇಪರ್ ಓದುತ್ತಿದ್ದರು.

ಇದೆಲ್ಲ ಕೇಳಿದ ಮೇಲೆ ಸರ್ಕ್ಯುಲರ್ ಕೀ ನೆನಪಾಯಿತು. ದೋಣಿ ಹತ್ತುವಲ್ಲಿ ಡಿಜರಿಡೂ ಊದುವವರನ್ನು ನೀವೂ ನೋಡಿರುತ್ತೀರಿ. ಗೆದ್ದಲು ತಿಂದು ಟೊಳ್ಳು ಮಾಡಿದ ನೀಲಗಿರಿ ಕೊಂಬೆಯಿಂದ ಮಾಡುವ ಈ ವಾದ್ಯ ಉತ್ತರದ ಆರ್ನೆಮ್ ಲ್ಯಾಂಡ್ ಕಡೆಯದು. ಅಲ್ಲಿನ ಯೋಲ್ಙು ಜನ ಅದನ್ನು ಯಿಡಾಕಿ ಎನ್ನುತ್ತಾರೆ. ಸಿಡ್ನಿಯಿಂದ ಅಲ್ಲಿಗೆ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಸಿಡ್ನಿ ಇರುವುದು ಗ್ಯಾಡಿಗಲ್ ಜನರ ನೆಲದ ಮೇಲೆ, ಅವರ ಹಳೆಯ ಸಂಪ್ರದಾಯದಲ್ಲಿ ಡಿಜರಿಡೂ ಇರಲಿಲ್ಲ. ಯುರೋಪಿನವರು ಬಂದಾಗ ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಅಷ್ಟು ಜನರನ್ನು ಒಂದು ವಾದ್ಯಕ್ಕೆ ಇಳಿಸಿಬಿಟ್ಟರೆ, ಕುಂದಾಪುರಕ್ಕೆ ಬಂದವರಿಗೆ ಅಸ್ಸಾಮಿನ ಬಿಹು ತೋರಿಸಿ ಇದೇ ಇಲ್ಲಿಯ ಆಟ ಎಂದ ಹಾಗೆ. ಊದುವವರನ್ನು ನಾನು ದೂರುತ್ತಿಲ್ಲ. ಎಲ್ಲಿಯದು ಎಂದು ಕೇಳದೆ ಐದು ವರ್ಷದಿಂದ ಅವರ ಮುಂದೆ ಹಾದುಹೋದವಳು ನಾನು.

ಇಲ್ಲಿ ನನ್ನದೇ ಒಂದು ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ಒಂದು ಬಡಾವಣೆಯ ಬಹುಸಂಸ್ಕೃತಿ ಉತ್ಸವದಲ್ಲಿ ನಾವು ಏಳು ಹುಡುಗಿಯರು ಡೊಳ್ಳು ಕುಣಿತ ಮಾಡಿದೆವು. ಮೈಕ್ ಹಿಡಿದವರು ನಮ್ಮನ್ನು ಬಾಲಿವುಡ್ ಡ್ಯಾನ್ಸ್ ಎಂದು ಪರಿಚಯಿಸಿದರು. ನಮಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಮನೆಗೆ ಬರುವ ತನಕ ಕಾರಿನಲ್ಲಿ ಅದೇ ಮಾತು. ಆದರೆ ಆ ದಿನ ಇನ್ನೊಂದು ನಡೆದಿತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕುಣಿತ ಮುಗಿದ ಮೇಲೆ ಒಬ್ಬ ವಯಸ್ಸಾದ ಹೆಂಗಸು ಹತ್ತಿರ ಬಂದು, ಇದನ್ನು ನಿಮ್ಮವರು ಯಾವಾಗ ಕುಣಿಯುತ್ತಾರೆ, ಯಾತಕ್ಕೆ ಎಂದು ಕೇಳಿದರು. ನಾನು "ಖುಷಿಗೆ" ಎಂದೆ. ಡೊಳ್ಳು ಬೀರೇಶ್ವರನ ಆರಾಧನೆಯದು, ಕುರುಬ ಸಮುದಾಯದವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕಲೆ ಎಂದು ನನಗೆ ಗೊತ್ತಾಗಿದ್ದು ಈ ಜುಲೈನಲ್ಲಿ, ಅಜ್ಜನಿಂದ. ಏಳು ಜನರಲ್ಲಿ ಒಬ್ಬಳಿಗೂ ಗೊತ್ತಿರಲಿಲ್ಲ. ಮೈಕಿನವರಿಗಿಂತ ನಾವೇನು ಹೆಚ್ಚು?

ಆದ್ದರಿಂದ ಹುಡುಕುವ ರೀತಿ ಬದಲಾಯಿಸಿದೆ. ದರ, ಊಟ, ಸೂರ್ಯಾಸ್ತ ಬಿಟ್ಟು ಮೂರೇ ಪ್ರಶ್ನೆ ಇಟ್ಟುಕೊಂಡೆ: ನಡೆಸುವವರು ಯಾರು, ಅವರು ಯಾವ ನೆಲದವರು, ಮತ್ತು ನಾವು ಪ್ರಶ್ನೆ ಕೇಳಲು ಸಮಯ ಕೊಡುತ್ತಾರೋ. ಒಂದೇ ಸಲಕ್ಕೆ ಮುಕ್ಕಾಲು ಪಟ್ಟಿ ಖಾಲಿಯಾಯಿತು.

ಉಳಿದದ್ದರಲ್ಲಿ ದೊಡ್ಡದು ಬಂಗಾರಾ ಡ್ಯಾನ್ಸ್ ಥಿಯೇಟರ್. ಹೆಸರು ಕೇಳಿದ್ದೇ ಅಜ್ಜ "ಚಿನ್ನವಾ?" ಎಂದರು. ಅದು ವಿರಾಜುರಿ ಭಾಷೆಯ ಪದ, ಬೆಂಕಿ ಮಾಡುವುದು ಎಂದರ್ಥ. 1989ರಲ್ಲಿ ಶುರುವಾದ ಈ ತಂಡ ವಾಲ್ಶ್ ಬೇಯಲ್ಲಿದೆ, ಸಿಡ್ನಿಯಲ್ಲೂ ಮೆಲ್ಬರ್ನ್‌ನಲ್ಲೂ ಪ್ರದರ್ಶನ ಕೊಡುತ್ತದೆ. ಇದು ಪ್ರವಾಸಿಗರ ಶೋ ಅಲ್ಲ, ಮೂಲನಿವಾಸಿ ಕಲಾವಿದರು ತಮ್ಮ ಕತೆಗಳಿಂದ ಹೊಸದಾಗಿ ಕಟ್ಟುವ ರಂಗಪ್ರಯೋಗ. ಅವರು 2014ರಲ್ಲಿ ಪಟ್ಯೆಗರಂಗ್ ಎಂಬ ಹುಡುಗಿಯ ಮೇಲೆ ಒಂದು ಪ್ರಯೋಗ ಮಾಡಿದ್ದರು. ನಮಗೆ ಬೇಕಾದ ದಿನ ನಾಲ್ಕು ಸೀಟು ಒಟ್ಟಿಗೆ ಸಿಗಲಿಲ್ಲ, ನಿಮಗೆ ಬೇಕಿದ್ದರೆ ತಿಂಗಳುಗಳ ಮೊದಲೇ ನೋಡಿ. ಖರ್ಚಿಲ್ಲದೆ ನೋಡಬೇಕೆಂದರೆ ಜನವರಿ 26ರಂದು ವಿಕ್ಟೋರಿಯಾ ಪಾರ್ಕಿನಲ್ಲಿ ನಡೆಯುವ ಯಾಬುನ್ ಉತ್ಸವ ಇದೆ. ಅಜ್ಜನ ಲೆಕ್ಕದಲ್ಲಿ ಅದು ಹರಕೆ ಆಟದ ಹತ್ತಿರ ಬರುತ್ತದೆ, ಜನ ತಮಗಾಗಿ ಸೇರುವುದು, ನಾವೂ ಹೋಗಬಹುದು. ಆದರೆ ಜುಲೈನಲ್ಲಿ ಜನವರಿಯನ್ನು ಎಲ್ಲಿಂದ ತರುವುದು?

ಕೊನೆಗೆ ನಾವು ಹೋಗಿದ್ದು ಕುಣಿತವೇ ಇಲ್ಲದ ಕಡೆಗೆ. ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಮೂಲನಿವಾಸಿ ಮಾರ್ಗದರ್ಶಕರೊಂದಿಗೆ ನಡೆಯುವ ಕಾರ್ಯಕ್ರಮ. ಅಪ್ಪನಿಗೆ ಅನುಮಾನ: "ಆಟ ಕೇಳಿದವರಿಗೆ ತೋಟ ತೋರಿಸುತ್ತೀಯಾ?" ನನಗೂ ಒಳಗೊಳಗೇ ಭಯವಿತ್ತು.

ನಾವು ಫಾರ್ಮ್ ಕೋವ್ ಎನ್ನುವ ಆ ಕೊಲ್ಲಿಗೆ ಗ್ಯಾಡಿಗಲ್ ಹೆಸರು ವುಗನ್‌ಮಗುಲ್ಯ. 1788ರಲ್ಲಿ ಬ್ರಿಟಿಷರು ಮೊದಲ ಹೊಲ ಉತ್ತಿದ್ದು ಅಲ್ಲೇ. 1795ರಲ್ಲಿ ಅಲ್ಲಿಯೇ ಹುಡುಗರನ್ನು ಗಂಡಸರ ಸಾಲಿಗೆ ಸೇರಿಸುವ ಒಂದು ದೊಡ್ಡ ಆಚರಣೆ ನಡೆದದ್ದನ್ನು ಡೇವಿಡ್ ಕಾಲಿನ್ಸ್ ಎಂಬ ಅಧಿಕಾರಿ ಬರೆದಿಟ್ಟಿದ್ದಾನೆ. ನಮ್ಮ ಮಾರ್ಗದರ್ಶಕಿ ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿ ಮೂಸಲು ಕೊಟ್ಟರು, ನಾರು ಹೊಸೆಯುವುದನ್ನು ತೋರಿಸಿದರು. ಲಿಲಿ ಪಿಲಿ ಮರದ ಎದುರು ನಿಂತಾಗ ಅಜ್ಜಿ ಎಲೆ ನೋಡಿಯೇ "ಇದು ನಮ್ಮ ನೇರಳೆಯ ಜಾತಿ" ಎಂದುಬಿಟ್ಟರು. ನಾನು ಅನುವಾದಿಸಿದೆ. ನಿಜವಾಗಿಯೂ ಎರಡೂ ಒಂದೇ ಸಸ್ಯಕುಲದವು. ಅಲ್ಲಿಂದ ಮುಂದೆ ಆ ಇಬ್ಬರು ಹೆಂಗಸರಿಗೆ ನನ್ನ ಅನುವಾದ ಬೇಕೇ ಆಗಲಿಲ್ಲ.

ಅಜ್ಜ ಮಾತ್ರ ತಮ್ಮ ಪ್ರಶ್ನೆ ಬಿಡಲಿಲ್ಲ. ಆಚರಣೆಯಲ್ಲಿ ಏನು ಹಾಡುತ್ತಾರೆ, ಹೇಗೆ ಕುಣಿಯುತ್ತಾರೆ ಎಂದು ಕೇಳಿಸಿದರು. ಅವರು ನಗುತ್ತಾ, ಕೆಲವನ್ನು ಹೇಳಬಹುದು, ಕೆಲವನ್ನು ನಾನು ಹೇಳುವಂತಿಲ್ಲ ಎಂದರು. ಅಜ್ಜನಿಗೆ ಬೇಜಾರಾಗಬಹುದು ಎಂದುಕೊಂಡೆ. ಬದಲಿಗೆ ಅವರ ಮುಖ ಅರಳಿತು. ಕಾಂತಾರ ಸಿನಿಮಾ ಬಂದ ಮೇಲೆ ಕೆಲವರು ದೈವದ ವೇಷ ಹಾಕಿ ಸ್ಟೇಜಿನ ಮೇಲೆಲ್ಲ ಕುಣಿದದ್ದು, ದೈವ ನಂಬುವವರು ನೊಂದು ಬೇಡ ಎಂದದ್ದು ನಿಮಗೂ ಗೊತ್ತಿರಬಹುದು. "ಆಟ ಎಲ್ಲರಿಗೂ ತೋರಿಸುವುದು, ಕೋಲ ಹಾಗಲ್ಲ. ಇವರಿಗೆ ಗೊತ್ತುಂಟು" ಎಂದರು ಅಜ್ಜ. ಆ ಕ್ಷಣಕ್ಕೆ ಅವರಿಗೆ ಇದು ಯಾವ ಮೇಳ ಎಂದು ಗೊತ್ತಾದ ಹಾಗಿತ್ತು.

ಆಮೇಲೆ ಅಜ್ಜ ಕೇಳಿದ ಇನ್ನೊಂದು ಪ್ರಶ್ನೆಯನ್ನು ಅನುವಾದಿಸಲು ನನಗೆ ಕಷ್ಟವಾಯಿತು. "ಮನೆಯಲ್ಲಿ ನಿಮ್ಮ ಭಾಷೆ ಮಾತಾಡುತ್ತೀರಾ?" ಅವರು ಸ್ವಲ್ಪ ಹೊತ್ತು ನೀರಿನ ಕಡೆ ನೋಡಿದರು. ತಮ್ಮ ಅಜ್ಜಿಗೆ ಮಾತಾಡಲು ಬಿಡಲಿಲ್ಲ, ಅಮ್ಮನಿಗೆ ಬರಲಿಲ್ಲ, ತಾನು ಈಗ ಒಂದೊಂದೇ ಪದ ಕಲಿಯುತ್ತಿದ್ದೇನೆ ಎಂದರು. ಸಿಡ್ನಿಯ ಭಾಷೆಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ವಿಲಿಯಂ ಡಾಸ್ ಎಂಬ ಸೇನಾಧಿಕಾರಿ 1790ರ ಸುಮಾರಿಗೆ ಬರೆದ ಕೆಲವು ಪುಟ್ಟ ನೋಟ್‌ಬುಕ್‌ಗಳಲ್ಲಿದೆ. ಅವು ಈಗಲೂ ಲಂಡನ್‌ನಲ್ಲಿವೆ. ಅವನಿಗೆ ಪಾಠ ಹೇಳಿದವಳೇ ಪಟ್ಯೆಗರಂಗ್, ಆಗ ಅವಳಿಗೆ ಸುಮಾರು ಹದಿನೈದು ವರ್ಷ. ನನಗಿಂತ ಚಿಕ್ಕವಳು. ನಾನು ಎಂಟನೇ ತರಗತಿಯಲ್ಲಿ ಭಾನುವಾರದ ಕನ್ನಡ ಶಾಲೆ ಬಿಡುತ್ತೇನೆ ಎಂದು ಎರಡು ವಾರ ಹಟ ಹಿಡಿದಿದ್ದೆ. ನೆಟ್‌ಬಾಲ್ ಇತ್ತು, ನಿದ್ದೆ ಇತ್ತು, ಕನ್ನಡ ಎಲ್ಲಿಗೆ ಓಡಿಹೋಗುತ್ತದೆ ಎಂಬ ಧೈರ್ಯವೂ ಇತ್ತು. ಅದನ್ನು ಆ ದಿನ ಅನುವಾದಿಸಲು ಯಾರೂ ಹೇಳಲಿಲ್ಲ, ಪುಣ್ಯ.

ಮುಂದಿನ ವಾರ ಮೆಲ್ಬರ್ನ್‌ಗೆ ಹೋದೆವು. ಅಲ್ಲಿಯ ಬೊಟಾನಿಕ್ ಗಾರ್ಡನ್ಸ್‌ನಲ್ಲೂ ಇಂಥದೇ ನಡಿಗೆ ಇದೆ, ಹಸಿರೆಲೆಯ ಹೊಗೆಯಿಂದ ಸ್ವಾಗತಿಸುತ್ತಾರೆ. ಅಜ್ಜಿಗೆ ಅದು ಲೋಬಾನದ ಹಾಗೆ ಅನ್ನಿಸಿತು. ಮಳೆ ಬಂದರೆ ಮೆಲ್ಬರ್ನ್ ಮ್ಯೂಸಿಯಮ್ಮಿನ ಬುಂಜಿಲಾಕ, ಫೆಡರೇಷನ್ ಸ್ಕ್ವೇರಿನ ಕೂರಿ ಹೆರಿಟೇಜ್ ಟ್ರಸ್ಟ್ ಇವೆ. ಪುಟ್ಟ ಮಕ್ಕಳಿದ್ದವರಿಗೆ ನಾನು ಬುಂಜಿಲಾಕವನ್ನೇ ಹೇಳುತ್ತೇನೆ.

ಅಂದು ರಾತ್ರಿ ತಂಗಿಗೆ ಒಂದು ಸುದ್ದಿ ಹೇಳಿದೆ, ಅವಳು ನಂಬಲೇ ಇಲ್ಲ. ನಮ್ಮ ಶಾಲೆಯ ಸಮಾರಂಭಗಳಲ್ಲಿ ಕೇಳುವ ವೆಲ್‌ಕಮ್ ಟು ಕಂಟ್ರಿ ಇದೆಯಲ್ಲ, ಬಂದವರನ್ನು ಸ್ವಾಗತಿಸುವ ಪದ್ಧತಿ ಬಹಳ ಹಳೆಯದು. ಆದರೆ ವೇದಿಕೆಯ ಮೇಲಿನ ಈಗಿನ ರೂಪಕ್ಕೆ ಒಂದು ಮುಖ್ಯ ಕಾರಣ 1976ರಲ್ಲಿ ಪರ್ತ್‌ಗೆ ಬಂದಿದ್ದ ಪಾಲಿನೇಷ್ಯದ ಕುಣಿತಗಾರರು. ಮಾವೋರಿ ಮತ್ತು ಕುಕ್ ದ್ವೀಪಗಳ ಆ ಕಲಾವಿದರು, ಈ ನೆಲದವರು ಸ್ವಾಗತಿಸದೆ ನಾವು ಕುಣಿಯುವುದಿಲ್ಲ ಎಂದರು. ಆಗ ರಿಚರ್ಡ್ ವಾಲಿ ಮತ್ತು ಅರ್ನಿ ಡಿಂಗೊ ಸೇರಿ ಒಂದು ಸ್ವಾಗತ ಕಟ್ಟಿದರು. ದುಡ್ಡು ಕೊಟ್ಟು ನೋಡಲು ಜನ ಕಾದಿದ್ದರು, ಕುಣಿಯುವವರೇ ಕಾದರು.

ಡಾಸ್‌ನ ನೋಟ್‌ಬುಕ್ಕಿನಲ್ಲಿ ಪುಟುವಾ ಎಂಬ ಪದ ಇದೆ. ಬೆಂಕಿಯಲ್ಲಿ ಕೈ ಬೆಚ್ಚಗೆ ಮಾಡಿಕೊಂಡು ಇನ್ನೊಬ್ಬರ ಬೆರಳುಗಳನ್ನು ಮೆಲ್ಲಗೆ ಒತ್ತುವುದು ಎಂದು ಅರ್ಥ. ಕನ್ನಡದಲ್ಲಿ ಇದಕ್ಕೆ ಒಂದೇ ಪದ ಇದೆಯಾ ಎಂದು ಅಜ್ಜನನ್ನು ಕೇಳಿದೆ. ಯೋಚಿಸಿ ಹೇಳುತ್ತೇನೆ ಎಂದು ವಿಮಾನ ಹತ್ತಿದವರು ಇನ್ನೂ ಹೇಳಿಲ್ಲ. ನಿಮ್ಮಲ್ಲಿ ಯಾರಿಗಾದರೂ, ನಿಮ್ಮ ಮನೆಯ ಹಿರಿಯರಿಗಾದರೂ ಗೊತ್ತಿದ್ದರೆ ಈ ಪತ್ರಿಕೆಗೆ ಬರೆಯಿರಿ. ಹಾಂ, ಚಳಿಗಾಲದಲ್ಲಿ ನಡಿಗೆಗೆ ಹೋಗುವುದಾದರೆ ಅಜ್ಜಿಯರಿಗೆ ಚಪ್ಪಲಿ ಬಿಡಿಸಿ ಶೂ ಹಾಕಿಸಿ, ಒಂದೂವರೆ ಗಂಟೆ ನಿಂತು ನಡೆಯಬೇಕು. ನಮ್ಮಜ್ಜಿ ಸೀರೆಗೆ ಶೂ ಒಪ್ಪುವುದಿಲ್ಲ ಎಂದು ಹಟ ಮಾಡಿ, ಅರ್ಧದಲ್ಲಿ ನನ್ನ ಸಾಕ್ಸ್ ಕೇಳಿ ಹಾಕಿಕೊಂಡರು.